ಕೋಡ್ ಮುಟ್ಟಲೇ ಇಲ್ಲ, ಆದರೂ ಪೈಥಾನ್ ಪ್ರೋಗ್ರಾಂ ಬೇಗ ಮುಗಿಯುತ್ತಿದೆ. ಹೇಗೆ?

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ ಅಂಗಡಿ. ಹಳೆಯ ತೂಕದ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದೇನೆ, ಸುಮಾರು 40 ಸಾವಿರ ಇವೆ. ಒಂದೇ ಚೀಟಿ ಎರಡು ಸಲ ಲೆಕ್ಕಕ್ಕೆ ಹೋಗಿದೆಯಾ ಅಂತ ನೋಡಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ಮೊದಲು ಪೈಥಾನ್‌ನ 3.10 ವರ್ಷನ್ನಿನಲ್ಲಿ ಓಡಿಸುತ್ತಿದ್ದೆ, ಮೊನ್ನೆ 3.13 ಹಾಕಿದೆ. ಕೋಡಿನಲ್ಲಿ ಒಂದಕ್ಷರ ಬದಲಿಸಿಲ್ಲ, ಕಂಪ್ಯೂಟರೂ ಅದೇ. ಆದರೂ ಮೊದಲಿಗಿಂತ ಬೇಗ ಮುಗಿಯುತ್ತಿದೆ. ಇದು ಹೇಗೆ? ಇನ್ನೂ ಹೊಸದು ಹಾಕಿದರೆ ಇನ್ನೂ ವೇಗ ಆಗುತ್ತದಾ?

ಉತ್ತರ: ಈ ಪ್ರಶ್ನೆ ನನಗೆ ತುಂಬ ಜನರಿಂದ ಬರುತ್ತದೆ. ಕೇರಳದ ಹೈಸ್ಕೂಲು ಐಟಿ ಪಾಠದಲ್ಲಿ ಪೈಥಾನ್ ಇದೆ. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಪರಿಚಯ ಇದೆ. ಬರೆಯಲು ಕಲಿತವರು ಬಹಳ ಜನ. ಬರೆದದ್ದನ್ನು ಓಡಿಸುವವರು ಯಾರು ಅಂತ ಯೋಚಿಸಿದವರು ಕಡಿಮೆ.

ನಿಮ್ಮ ಕೋಡನ್ನು ಕಂಪ್ಯೂಟರ್ ನೇರವಾಗಿ ಓಡಿಸುವುದೇ ಇಲ್ಲ. ನಡುವೆ ಇನ್ನೊಂದು ಪ್ರೋಗ್ರಾಂ ಕೂತಿದೆ. ಅದರ ಹೆಸರು ವರ್ಚುವಲ್ ಮಷೀನ್. ಮೊನ್ನೆ ನೀವು ಬದಲಿಸಿದ್ದು ಅದನ್ನೇ.

ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಪ್ರೋಗ್ರಾಮಿನ ಒಳಗೆ ಎರಡು ಚೀಟಿಗಳನ್ನು ಹೋಲಿಸುವ ಒಂದು ಸಾಲು ಇದ್ದೇ ಇರುತ್ತದೆ. ಅದನ್ನು ಹೀಗೆ ಬರೆದಿದ್ದೀರಿ ಅಂತ ಇಟ್ಟುಕೊಳ್ಳಿ: ‘ಇದು == ಅದು’. ಹೌದು, ಹೆಸರುಗಳನ್ನು ಕನ್ನಡದಲ್ಲೇ ಕೊಡಬಹುದು, ಪೈಥಾನ್ 3 ಒಪ್ಪುತ್ತದೆ. ಪೈಥಾನ್ ಈ ಸಾಲನ್ನು ಮೊದಲು ಚಿಕ್ಕ ಚಿಕ್ಕ ಸೂಚನೆಗಳಾಗಿ ಒಡೆಯುತ್ತದೆ. ಇದನ್ನು ಎತ್ತು. ಅದನ್ನು ಎತ್ತು. ಹೋಲಿಸು. ಒಂದೇ ಅಲ್ಲದಿದ್ದರೆ ಮುಂದಕ್ಕೆ ಹಾರು. ಈ ಸೂಚನೆಗಳ ಪಟ್ಟಿಗೇ ಬೈಟ್‌ಕೋಡ್ ಅನ್ನುತ್ತಾರೆ. ಪೈಥಾನ್ ಜೊತೆಗೇ ಬರುವ ‘ಡಿಸ್’ ಎಂಬ ಮಾಡ್ಯೂಲಿಗೆ ನಿಮ್ಮ ಫಂಕ್ಷನ್ನಿನ (ಹೆಸರಿಟ್ಟ ಕೋಡಿನ ತುಣುಕಿನ) ಹೆಸರು ಕೊಟ್ಟರೆ ಪಟ್ಟಿಯನ್ನು ಬಿಚ್ಚಿ ತೋರಿಸುತ್ತದೆ. ಒಮ್ಮೆ ನೋಡಿ, ತುಂಬ ಖುಷಿ ಆಗುತ್ತದೆ.

ವರ್ಚುವಲ್ ಮಷೀನಿನ ಹೃದಯ ಅಂದರೆ ಒಂದು ದೊಡ್ಡ ಲೂಪ್, ಮತ್ತೆ ಮತ್ತೆ ಸುತ್ತುವ ಕೋಡು. ಪಟ್ಟಿಯಿಂದ ಒಂದು ಸೂಚನೆ ತೆಗೆ, ಅದು ಏನು ಅಂತ ನೋಡು, ಮಾಡು, ಮುಂದಿನದಕ್ಕೆ ಹೋಗು. ಇಷ್ಟೇ. ನಾವು ಸಾಮಾನ್ಯವಾಗಿ ಬಳಸುವ ಪೈಥಾನ್‌ನಲ್ಲಿ ಈ ಲೂಪನ್ನು ಸಿ ಭಾಷೆಯಲ್ಲಿ ಬರೆದಿದ್ದಾರೆ. ನಿಮ್ಮ 40 ಸಾವಿರ ಚೀಟಿಗಳಲ್ಲಿ ಪ್ರತಿಯೊಂದನ್ನೂ ಉಳಿದ ಎಲ್ಲದರ ಜೊತೆ ಹೋಲಿಸಿದರೆ ಸುಮಾರು 80 ಕೋಟಿ ಹೋಲಿಕೆ ಆಗುತ್ತದೆ. ಒಂದೊಂದು ಹೋಲಿಕೆಗೂ ಈ ಲೂಪ್ ಹಲವು ಸುತ್ತು ಸುತ್ತಬೇಕು. ಒಂದು ಸುತ್ತಿನಲ್ಲಿ ಕೂದಲೆಳೆಯಷ್ಟು ಉಳಿಸಿದರೂ ಕೊನೆಗೆ ಅದು ಕಣ್ಣಿಗೆ ಕಾಣುತ್ತದೆ, ಅಲ್ವಾ?

ಹಾಗಾದರೆ ಸಮಯ ಎಲ್ಲಿ ಹೋಗುತ್ತದೆ? ‘ಹೋಲಿಸು’ ಅನ್ನುವ ಸೂಚನೆಯಲ್ಲೇ ನೋಡಿ. ‘ಇದು’ ಅಂದರೆ ಏನು ಅಂತ ಪೈಥಾನ್‌ಗೆ ಮೊದಲೇ ಗೊತ್ತಿಲ್ಲ. ಸಂಖ್ಯೆ ಇರಬಹುದು, ಅಕ್ಷರಗಳ ಸಾಲು ಇರಬಹುದು, ನೀವೇ ಮಾಡಿದ ಕ್ಲಾಸಿನದ್ದು (ಹೊಸ ಜಾತಿಯ ವಸ್ತು) ಇರಬಹುದು. ಎಡಗಡೆಯದರ ಜಾತಿ ಯಾವುದು, ಬಲಗಡೆಯದರದ್ದು ಯಾವುದು, ಬಲಗಡೆಯ ಕ್ಲಾಸ್ ಎಡಗಡೆಯ ಕ್ಲಾಸಿನಿಂದ ಹುಟ್ಟಿದ್ದಾ, ಹಾಗಿದ್ದರೆ ಮೊದಲು ಕೇಳಬೇಕಾದ್ದು ಯಾರನ್ನು? ಇಷ್ಟೆಲ್ಲ ವಿಚಾರಿಸಿ, ಸರಿಯಾದ ಹೋಲಿಸುವ ಫಂಕ್ಷನ್ ಹುಡುಕಿ, ಆಮೇಲೆ ಹೋಲಿಸಬೇಕು. 3.10ರವರೆಗೆ 80 ಕೋಟಿ ಸಲವೂ ಹೀಗೇ ಮೊದಲಿನಿಂದ ವಿಚಾರಿಸುತ್ತಿತ್ತು. ನಿಮ್ಮ ಚೀಟಿ ನಂಬರುಗಳೆಲ್ಲ ‘ಬ/214’ ಥರದ ಅಕ್ಷರದ ಸಾಲುಗಳೇ ಆಗಿದ್ದರೂ ಅದಕ್ಕೆ ಪ್ರತಿ ಸಲ ಹೊಸ ಪರಿಚಯ.

ಈಗ ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು ದಾಟಿ ನಿಮ್ಮ ಬದಿಯಡ್ಕಕ್ಕೆ ಬರುವ ಬಸ್ಸನ್ನು ನೆನಪು ಮಾಡಿಕೊಳ್ಳಿ. ನಮ್ಮದು ಸಪ್ತಭಾಷೆಯ ನಾಡು. ಒಂದೇ ಬಸ್ಸಿನಲ್ಲಿ ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕಿವಿಗೆ ಬೀಳುತ್ತದೆ. ಹೊಸದಾಗಿ ಬಂದ ಕಂಡಕ್ಟರ್ ಪ್ರತಿಯೊಬ್ಬರ ಹತ್ತಿರವೂ ಯಾವ ಭಾಷೆ ಅಂತ ಅಂದಾಜು ಮಾಡಿಯೇ ಮಾತು ಶುರು ಮಾಡಬೇಕು. ಒಂದು ವಾರ ಕಳೆಯಲಿ. ಇಂಥ ಸ್ಟಾಪಿನಲ್ಲಿ ಬೆಳಿಗ್ಗೆ ಹತ್ತುವವರು ಹೆಚ್ಚಾಗಿ ತುಳುವಿನವರು ಅಂತ ಅವರಿಗೆ ಗೊತ್ತಾಗುತ್ತದೆ. ಆ ಸ್ಟಾಪ್ ಬಂದ ಕೂಡಲೇ ನೇರವಾಗಿ ‘ಓಡೆಗ್?’ ಅಂತಲೇ ಕೇಳುತ್ತಾರೆ. ಉತ್ತರ ಬಂತು, ಟಿಕೆಟ್ ಹರಿದರು, ಮುಂದೆ ಹೋದರು. ಎದುರಿನವರ ಮುಖದಲ್ಲಿ ಅರ್ಥ ಆಗದ್ದು ಕಂಡರೆ ತಕ್ಷಣ ‘ಎಲ್ಲಿಗೆ?’ ಅಂತ ಬದಲಿಸುತ್ತಾರೆ. ಒಂದು ಸ್ಟಾಪಿನಲ್ಲಿ ದಿನಾ ಅಂದಾಜು ತಪ್ಪಿದರೆ, ಅಲ್ಲಿ ಊಹೆ ಮಾಡುವುದನ್ನೇ ಬಿಟ್ಟು ಹಳೆಯ ಕ್ರಮಕ್ಕೆ ಹೋಗುತ್ತಾರೆ.

ಪೈಥಾನ್ 3.11 ಮಾಡುವುದೂ ಇದನ್ನೇ. ಸ್ಟಾಪ್ ಅಂದರೆ ನಿಮ್ಮ ಕೋಡಿನ ಒಂದು ಜಾಗ. ‘ಇದು == ಅದು’ ಇರುವ ಜಾಗದಲ್ಲಿ ಕೆಲವು ಸಲ ಅಕ್ಷರದ ಸಾಲುಗಳೇ ಬಂದವು ಅಂತ ಕಂಡರೆ, ಅದು ತನ್ನ ಪಟ್ಟಿಯಲ್ಲಿ ‘ಹೋಲಿಸು’ ಅನ್ನುವುದನ್ನು ಅಳಿಸಿ ‘ಅಕ್ಷರದ ಸಾಲು ಹೋಲಿಸು’ ಅಂತ ಬರೆದುಕೊಳ್ಳುತ್ತದೆ. ಆಮೇಲೆ ಒಂದೇ ಒಂದು ಚಿಕ್ಕ ಪರೀಕ್ಷೆ: ಎರಡೂ ಅಕ್ಷರದ ಸಾಲುಗಳೇ ತಾನೇ? ಹೌದಾದರೆ ನೇರ ಕೆಲಸ. ಅಲ್ಲದಿದ್ದರೆ ಹಳೆಯ ದಾರಿ. ನಿಮ್ಮ ಕೋಡು ಬದಲಾಗಲಿಲ್ಲ ನಿಜ. ಆದರೆ ಅದರ ಬೈಟ್‌ಕೋಡ್ ಓಡುತ್ತ ಓಡುತ್ತಲೇ ತಿದ್ದಿಕೊಳ್ಳುತ್ತದೆ.

3.11 ಬಂದದ್ದು 2022ರ ಅಕ್ಟೋಬರಿನಲ್ಲಿ. ಪೈಥಾನ್ ಹುಟ್ಟಿಸಿದ ಗೈಡೊ ವಾನ್ ರೋಸಮ್, ಮಾರ್ಕ್ ಶಾನನ್ ಮತ್ತಿತರರು ಸೇರಿ ವೇಗಕ್ಕೆ ಅಂತಲೇ ಕೆಲಸ ಮಾಡಿದ್ದರು. 3.10ಕ್ಕಿಂತ 10ರಿಂದ 60 ಶೇಕಡಾ ವೇಗ, ಅವರ ಪರೀಕ್ಷಾ ಪ್ರೋಗ್ರಾಮುಗಳ ಸರಾಸರಿಯಲ್ಲಿ 1.25 ಪಟ್ಟು ಅಂತ ಅವರೇ ಪ್ರಕಟಿಸಿದರು. ಫಂಕ್ಷನ್ ಕರೆಯುವ ಖರ್ಚು ತಗ್ಗಿಸಿದ್ದೂ ಇದರಲ್ಲಿ ಸೇರಿದೆ. ನೀವು ಅನುಭವಿಸಿದ ವೇಗದಲ್ಲಿ ದೊಡ್ಡ ಪಾಲು ಇಲ್ಲಿಂದ ಬಂದದ್ದು.

ಕಂಡಕ್ಟರ್ ಉಪಾಯ ಹೊಸದೇನಲ್ಲ. ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಇದನ್ನು ಡಾಯ್ಚ್ ಮತ್ತು ಶಿಫ್‌ಮನ್ ಎಂಬ ಇಬ್ಬರು 1984ರಲ್ಲೇ ಬರೆದು ತೋರಿಸಿದ್ದರು, ನಮ್ಮ ಕಾಸರಗೋಡು ಬೇರೆ ಜಿಲ್ಲೆಯಾದ ವರ್ಷ. ಪೈಥಾನ್‌ಗೆ ಬರಲು ಯಾಕೆ ಇಷ್ಟು ತಡ ಆಯಿತು? ನನ್ನ ಅಭಿಪ್ರಾಯ ಹೇಳುತ್ತೇನೆ. ವೇಗ ತರುವ ಉಪಾಯ ಹುಡುಕುವುದು ಕಷ್ಟದ ಭಾಗ ಅಲ್ಲ. ಯಾವ ಹಳೆಯ ಪ್ರೋಗ್ರಾಮಿನ ಉತ್ತರವೂ ಬದಲಾಗದ ಹಾಗೆ ಅದನ್ನು ಒಳಗೆ ಕೂರಿಸುವುದು ಕಷ್ಟ. ಆ ‘ಎರಡೂ ಅಕ್ಷರದ ಸಾಲುಗಳೇ ತಾನೇ’ ಅನ್ನುವ ಚಿಕ್ಕ ಪರೀಕ್ಷೆ ಒಂದು ಕಡೆ ಬಿಟ್ಟುಹೋದರೂ ಸಾಕು, ಸರಿಯಾಗಿ ಬರೆದ ಪ್ರೋಗ್ರಾಂ ತಪ್ಪು ಉತ್ತರ ಕೊಡುತ್ತದೆ. ಬರೆದವರು ತಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತ ರಾತ್ರಿ ಕಳೆಯುತ್ತಾರೆ. ತಪ್ಪು ಅಲ್ಲಿ ಇರುವುದೇ ಇಲ್ಲ.

ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. 2011ರ ಜುಲೈ 28ರಂದು ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ 7ನೇ ವರ್ಷನ್ ಬಂತು. ಅದರ ವರ್ಚುವಲ್ ಮಷೀನ್ ಜನ ಬರೆದ ಪ್ರೋಗ್ರಾಮುಗಳ ಒಳಗಿನ ಲೂಪುಗಳನ್ನು ವೇಗಗೊಳಿಸುವಾಗ ಕೆಲವನ್ನು ತಪ್ಪಾಗಿ ಬದಲಿಸುತ್ತಿತ್ತು. ಹುಡುಕಾಟದ ಸಾಫ್ಟ್‌ವೇರ್ ಆದ ಅಪಾಚೆ ಲೂಸೀನ್ ತಂಡದವರು ಕೂಡಲೇ ಎಚ್ಚರಿಕೆ ಕೊಟ್ಟರು: ಪ್ರೋಗ್ರಾಂ ಬಿದ್ದುಹೋಗಬಹುದು, ಇಂಡೆಕ್ಸ್ (ಹುಡುಕಲು ಮಾಡಿಟ್ಟ ಪಟ್ಟಿ) ಕೆಡಬಹುದು. ಬಿದ್ದುಹೋದರೆ ಗೊತ್ತಾದರೂ ಆಗುತ್ತದೆ. ಒಳಗಿನ ಲೆಕ್ಕ ಸದ್ದಿಲ್ಲದೆ ಕೆಟ್ಟರೆ? ನಿಮ್ಮ ಅಂಗಡಿಯ ತೂಕ ಹಾಗೆ ಕೆಟ್ಟರೆ ಹೇಗಿರುತ್ತದೆ ಅಂತ ಯೋಚಿಸಿ. ಮುಂದಿನ ಅಪ್‌ಡೇಟಿನಲ್ಲಿ ಸರಿಯಾಗುವ ತನಕ ಆ ಲೂಪು ಬದಲಿಸುವ ಕೆಲಸವನ್ನೇ ಆಫ್ ಮಾಡಿ ಓಡಿಸಿ ಅಂತ ಹೇಳಬೇಕಾಯಿತು.

ಪೈಥಾನ್‌ನಲ್ಲಿ ಇನ್ನೊಂದು ಥರದ ಬಗ್, ಅಂದರೆ ಕೋಡಿನ ತಪ್ಪು, ಹೆಚ್ಚು. ಪ್ರತಿ ವಸ್ತುವನ್ನೂ ಎಷ್ಟು ಜನ ಹಿಡಿದುಕೊಂಡಿದ್ದಾರೆ ಅಂತ ವರ್ಚುವಲ್ ಮಷೀನ್ ಎಣಿಸುತ್ತಿರುತ್ತದೆ. ಮದುವೆ ಮನೆಗೆ ಕೊಟ್ಟ ಪಾತ್ರೆಗಳ ಲೆಕ್ಕ ಇಡುವ ಹಾಗೆ. ಎಣಿಕೆ ಸೊನ್ನೆಗೆ ಬಂದರೆ ಆ ಜಾಗ ಖಾಲಿ ಮಾಡುತ್ತದೆ. ಒಳಗಿನ ಸಿ ಕೋಡಿನಲ್ಲಿ ಒಂದು ಕಡೆ ಕಳೆಯುವುದು ಮರೆತರೆ ಮೆಮೊರಿ ತುಂಬುತ್ತಲೇ ಹೋಗುತ್ತದೆ. ಒಂದು ಸಲ ಜಾಸ್ತಿ ಕಳೆದರೆ ಇನ್ನೂ ಕೆಟ್ಟದ್ದು: ಯಾರೋ ಬಳಸುತ್ತಿರುವಾಗಲೇ ವಸ್ತು ಮಾಯ, ಪ್ರೋಗ್ರಾಂ ನೆಲಕ್ಕೆ. ಇಂಥದ್ದನ್ನು ಹಿಡಿಯುವವರು ಮೊದಲು ಮಾಡುವುದು ಒಂದೇ ಕೆಲಸ. ಬಿದ್ದ ಪ್ರೋಗ್ರಾಮನ್ನು ಕತ್ತರಿಸುತ್ತ ಹೋಗುತ್ತಾರೆ. ಸಾವಿರ ಸಾಲು ನೂರಾಗಬೇಕು, ನೂರು ಹತ್ತಾಗಬೇಕು, ಆದರೂ ಅದು ಬೀಳುತ್ತಿರಬೇಕು. ಹತ್ತು ಸಾಲಿಗೆ ಇಳಿದ ಬಗ್ ಅರ್ಧ ಗೆದ್ದ ಹಾಗೆ. ಸರಿಮಾಡಿದ ಮೇಲೆ ಆ ಹತ್ತು ಸಾಲನ್ನು ಬಿಸಾಡುವುದಿಲ್ಲ. ಪರೀಕ್ಷೆಗಳ ಸಾಲಿಗೆ ಸೇರಿಸುತ್ತಾರೆ, ಅದು ಮುಂದೆಯೂ ಓಡುತ್ತಲೇ ಇರುತ್ತದೆ. ಈ ಕೆಲಸ ಮಾಡುವವರ ಬಗ್ಗೆ ನನಗೆ ಬಹಳ ಗೌರವ ಇದೆ.

ಇನ್ನು ಹೊಸದು ಹಾಕಿದರೆ ಇನ್ನೂ ವೇಗವಾ ಅನ್ನುವ ಪ್ರಶ್ನೆ. ಆಗಬಹುದು, ಆದರೆ 3.10ರಿಂದ 3.11ಕ್ಕೆ ಆದ ಜಿಗಿತವನ್ನು ಪ್ರತಿ ಸಲ ನಿರೀಕ್ಷಿಸಬೇಡಿ. 3.13ರಲ್ಲಿ ಜಿಟ್ ಅಂತ ಒಂದು ಬಂದಿದೆ. ಬೈಟ್‌ಕೋಡನ್ನು ಓಡುವಾಗಲೇ ಯಂತ್ರದ ಭಾಷೆಗೆ ಇಳಿಸುವ ವ್ಯವಸ್ಥೆ ಅದು. ಇನ್ನೂ ಪ್ರಯೋಗದ ಹಂತದಲ್ಲಿದೆ, ತಾನಾಗಿ ಆನ್ ಇರುವುದಿಲ್ಲ.

ವೇಗದ ಲೆಕ್ಕ ಎಷ್ಟು ಸುಲಭವಾಗಿ ಮೋಸ ಮಾಡುತ್ತದೆ ಅನ್ನುವುದಕ್ಕೆ 2025ರಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು. 3.14ಕ್ಕೆ ಅಂತ ಆ ದೊಡ್ಡ ಲೂಪನ್ನು ಬೇರೆ ರೀತಿಯಲ್ಲಿ ಬರೆದರು. ಒಂದು ಸೂಚನೆ ಮುಗಿದ ಕೂಡಲೇ ಮುಂದಿನ ಸೂಚನೆಯ ಫಂಕ್ಷನ್ನಿಗೆ ನೇರ ಜಿಗಿತ. ಅಳತೆ ಮಾಡಿದರೆ ಸರಾಸರಿ 10 ಶೇಕಡಕ್ಕೂ ಹೆಚ್ಚು ವೇಗ ಕಂಡಿತು, ಎಲ್ಲರಿಗೂ ಸಂತೋಷ. ಆಮೇಲೆ ಒಬ್ಬ ಎಂಜಿನಿಯರ್ ಕೂತು ಕೆದಕಿದರು. ಹೋಲಿಕೆಗೆ ಇಟ್ಟುಕೊಂಡ ಹಳೆಯ ಲೂಪೇ ನಿಧಾನ ಆಗಿತ್ತು! ಸಿ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಮಿಗೆ ಕಂಪೈಲರ್ ಅನ್ನುತ್ತಾರೆ. ಕ್ಲಾಂಗ್ 19 ಎಂಬ ಕಂಪೈಲರಿನಲ್ಲಿ ಆದ ಒಂದು ಬದಲಾವಣೆ, ಹಳೆಯ ಲೂಪಿನಲ್ಲಿ ಬೇರೆ ಬೇರೆ ಇರಬೇಕಾದ ಜಿಗಿತಗಳನ್ನೆಲ್ಲ ಒಂದೇ ಕಡೆ ಸೇರಿಸಿಬಿಟ್ಟಿತ್ತು. ಟಯರ್ ಪಂಕ್ಚರ್ ಆದ ಬಸ್ಸಿನ ಜೊತೆ ಓಡಿ ಗೆದ್ದ ಹಾಗೆ. ಸರಿಯಾದ ಕಂಪೈಲರಿನ ಜೊತೆ ಹೋಲಿಸಿದಾಗ ಲಾಭ 5 ಶೇಕಡದ ಒಳಗೇ ನಿಂತಿತು. ಆ ಕೆಲಸ ಮಾಡಿದವರು ಮುಚ್ಚುಮರೆ ಮಾಡಲಿಲ್ಲ. ಎಲ್ಲರೆದುರು ಕ್ಷಮೆ ಕೇಳಿ ಅಂಕಿ ತಿದ್ದಿದರು. ಉಳಿದ ಲಾಭ ಚಿಕ್ಕದಾದರೂ ಅದು ನಿಜವಾದದ್ದು.

ನನಗೂ ಇಂಥ ಅನುಭವ ಆಗಿದೆ. ಮಳೆಗಾಲದ ಒಂದು ದಿನ ಎರಡು ವರ್ಷನ್‌ಗಳನ್ನು ಹೋಲಿಸುತ್ತಿದ್ದೆ. ಹಳೆಯದನ್ನು ಓಡಿಸುವಾಗ ಕರೆಂಟ್ ಇರಲಿಲ್ಲ. ಹೊಸದನ್ನು ಓಡಿಸುವ ಹೊತ್ತಿಗೆ ಬಂದಿತ್ತು. ಹೊಸದು ಎಷ್ಟೋ ವೇಗ ಅಂತ ಕಂಡಿತು. ಬ್ಯಾಟರಿಯಲ್ಲಿ ಇರುವಾಗ ನನ್ನ ಲ್ಯಾಪ್‌ಟಾಪ್ ತನ್ನ ವೇಗವನ್ನೇ ಇಳಿಸಿಕೊಳ್ಳುತ್ತದೆ. ಅದು ಹೊಳೆಯುವ ಮೊದಲು ಎರಡು ದಿನ ಆ ಅಂಕಿಯನ್ನೇ ನಂಬಿದ್ದೆ.

ಹಾಗಾಗಿ ನೀವು ಅಳೆಯುವಾಗ ಚಾರ್ಜರ್ ಹಾಕಿಡಿ. ಬ್ರೌಸರ್ ಮುಚ್ಚಿ. ಒಂದೇ ಫೈಲಿನ ಮೇಲೆ ಎರಡೂ ವರ್ಷನ್‌ಗಳನ್ನು ಐದೈದು ಸಲ ಓಡಿಸಿ, ಹಳೆಯದು ಒಮ್ಮೆ, ಹೊಸದು ಒಮ್ಮೆ, ಹೀಗೆ ಬದಲಿಸುತ್ತ. ಎರಡರಲ್ಲೂ ಅತಿ ಕಡಿಮೆ ಬಂದ ಹೊತ್ತನ್ನು ಹೋಲಿಸಿ. ಮತ್ತೆ, ಲೂಪು ಇರುವ ಕೋಡನ್ನು ಒಂದು ಫಂಕ್ಷನ್ನಿನ ಒಳಗೆ ಹಾಕಿ. ಫಂಕ್ಷನ್ನಿನ ಒಳಗಿನ ಹೆಸರುಗಳಿಗೆ ಪೈಥಾನ್ ಒಂದೊಂದು ಗೊತ್ತಾದ ಜಾಗ ಇಟ್ಟಿರುತ್ತದೆ. ಹೊರಗಿನ ಹೆಸರುಗಳನ್ನು ಡಿಕ್ಷನರಿಯಲ್ಲಿ ನೋಡಬೇಕಾಗುತ್ತದೆ, ಅದು ಹೆಚ್ಚು ಕೆಲಸ.

ನಿಮ್ಮ ಪ್ರೋಗ್ರಾಮಿನ ವಿಷಯಕ್ಕೆ ಬಂದರೆ, ವರ್ಚುವಲ್ ಮಷೀನ್ ಎಷ್ಟೇ ಜಾಣನಾದರೂ ನಿಮ್ಮ 80 ಕೋಟಿ ಹೋಲಿಕೆಯನ್ನು ಕಡಿಮೆ ಮಾಡಿಕೊಡುವುದಿಲ್ಲ. ಒಂದೊಂದನ್ನು ಬೇಗ ಮುಗಿಸುತ್ತದೆ ಅಷ್ಟೇ. ಅದನ್ನು ನೀವೇ ಕಡಿಮೆ ಮಾಡಬೇಕು. ಒಂದು ಖಾಲಿ ಸೆಟ್ ಇಟ್ಟುಕೊಳ್ಳಿ. ಸೆಟ್ ಅಂದರೆ ಒಂದು ವಸ್ತು ಒಳಗೆ ಇದೆಯಾ ಅಂತ ಥಟ್ಟನೆ ಹೇಳುವ ಪೈಥಾನ್ ಸಂಗ್ರಹ. ಚೀಟಿ ನಂಬರು ಬಂದ ಹಾಗೆ, ಅದು ಸೆಟ್‌ನಲ್ಲಿ ಈಗಾಗಲೇ ಇದೆಯಾ ನೋಡಿ. ಇದ್ದರೆ ಅದೇ ನೀವು ಹುಡುಕುತ್ತಿರುವ ಎರಡನೇ ಸಲದ ಚೀಟಿ. ಇಲ್ಲದಿದ್ದರೆ ಸೇರಿಸಿ, ಮುಂದಕ್ಕೆ ಹೋಗಿ. 40 ಸಾವಿರ ಸಲ ನೋಡಿದರೆ ಮುಗಿಯಿತು, ಹಳೆಯ 3.10ರಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ಆದರೆ 3.10ನ್ನು ಈಗಲೇ ತೆಗೆದುಹಾಕಬೇಡಿ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರಬಹುದು. ಎರಡರಲ್ಲೂ ಓಡಿಸಿ, ಸಿಕ್ಕ ಚೀಟಿಗಳ ಪಟ್ಟಿ ಒಂದೇ ಇದೆಯಾ ಅಂತ ಸಾಲು ಸಾಲಾಗಿ ಹೋಲಿಸಿ. ಎಲ್ಲಾದರೂ ಬೇರೆ ಬಂದರೆ, ಕೋಡನ್ನು ಹತ್ತು ಸಾಲಿಗೆ ಇಳಿಸಿ ನನಗೆ ಕಳಿಸಿ. ನಾನು ಕೂತು ನೋಡುತ್ತೇನೆ.