ಕಣ್ಣು ಮುಚ್ಚಿಸಿದ ಸಿನಿಮಾಗಳು: ಹೆದರಿಕೆಗೆ ಕತ್ತರಿ ಬಿದ್ದ ಕಥೆ

ಮುಂಬೈಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆ ಈ ಪ್ರಶ್ನೆ ಕೇಳಿ ನೋಡಿ: ಪೂರ್ತಿ ನೋಡಲಾಗದೆ ನಡುವೆಯೇ ಎದ್ದು ಬಂದ ಸಿನಿಮಾ ಯಾವುದು? ಉತ್ತರದಲ್ಲೇ ಅವರ ವಯಸ್ಸು ಗೊತ್ತಾಗುತ್ತದೆ. ಅರವತ್ತು ದಾಟಿದವರು ಹಿಂದಿಯಲ್ಲಿ ದೆವ್ವದ ಚಿತ್ರ ಮಾಡುತ್ತಿದ್ದ ರಾಮ್ಸೇ ಸಹೋದರರ ಹೆಸರು ಹೇಳುತ್ತಾರೆ. ನಲವತ್ತೈದರ ಆಸುಪಾಸಿನವರು ‘ಎಕ್ಸಾರ್ಸಿಸ್ಟ್’ ಅನ್ನುತ್ತಾರೆ, ‘ರಾತ್’ ಅನ್ನುತ್ತಾರೆ, ಇಲ್ಲವೇ ಜೀ ಟಿವಿಯ ಹಾರರ್ ಶೋ ನೆನಪು ಮಾಡಿಕೊಳ್ಳುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳ ಪಟ್ಟಿಯಲ್ಲಿ ಜಪಾನಿ, ಕೊರಿಯನ್, ಫ್ರೆಂಚ್ ಹೆಸರುಗಳೇ ಜಾಸ್ತಿ. ಹೆಸರು ಹೇಳಿದ ಮೇಲೆ ಅವರು ಒಂದು ಮಾತು ಸೇರಿಸುತ್ತಾರೆ: ‘ಅದನ್ನ ನೀವು ನೋಡ್ಬೇಡಿ ಅಂಕಲ್, ಅದರಲ್ಲಿ ಮಕ್ಕಳಿಗೆ ಹಿಂಸೆ ಕೊಡೋದು ಇದೆ.’

ನನಗೆ ಮುಖ್ಯ ಅನಿಸುವುದು ಆ ಎಚ್ಚರಿಕೆಯೇ. ನೂರು ವರ್ಷದಿಂದ ಸರ್ಕಾರ, ಸೆನ್ಸಾರ್, ಕೋರ್ಟು, ನಿರ್ಮಾಪಕರು ಎಲ್ಲರೂ ಜಗಳವಾಡಿದ್ದು ಕತ್ತರಿ ಯಾರ ಕೈಯಲ್ಲಿರಬೇಕು ಅಂತ. ಟಿಕೆಟ್ ತೆಗೆದುಕೊಳ್ಳುವವರಿಗೆ ಒಳಗೆ ಏನಿದೆ ಎಂದು ಮೊದಲೇ ಸರಿಯಾಗಿ ಹೇಳುವ ಯೋಚನೆ ಬಂದದ್ದು ಬಹಳ ತಡವಾಗಿ.

ನಮ್ಮ ದೇಶದ ಕತ್ತರಿಗೆ ಈ ಊರಿನ ಜೊತೆ ಹಳೆಯ ನಂಟು. 1918ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ಬಂತು. 1920ರಲ್ಲಿ ಬಾಂಬೆ, ಕಲ್ಕತ್ತಾ, ಮದ್ರಾಸ್, ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳಾದವು. ಸ್ವಾತಂತ್ರ್ಯದ ನಂತರ 1952ರ ಕಾಯ್ದೆ ಬಂದು ಇಡೀ ದೇಶಕ್ಕೆ ಒಂದೇ ಮಂಡಳಿ ಆಯಿತು. ಅದರ ಮುಖ್ಯ ಕಚೇರಿ ಇವತ್ತಿಗೂ ಮುಂಬೈಯಲ್ಲೇ ಇದೆ, ಪೆಡ್ಡರ್ ರೋಡಿನಲ್ಲಿ.

ಹೊರದೇಶದಲ್ಲೂ ಇದೇ ಕಥೆ. 1932ರಲ್ಲಿ ಟಾಡ್ ಬ್ರೌನಿಂಗ್ ಎಂಬ ಅಮೆರಿಕನ್ ನಿರ್ದೇಶಕ ‘ಫ್ರೀಕ್ಸ್’ ಮಾಡಿದರು. ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದ, ಅಂಗವೈಕಲ್ಯವಿದ್ದ ಕಲಾವಿದರೇ ಅದರಲ್ಲಿ ನಟಿಸಿದ್ದರು. ಜನ ಹೌಹಾರಿದರು. ಸ್ಟುಡಿಯೋ ಅದನ್ನು ಕತ್ತರಿಸಿ ಸುಮಾರು ಒಂದು ಗಂಟೆಗೆ ಇಳಿಸಿತು. ಬ್ರಿಟನ್ನಿನಲ್ಲಿ 30 ವರ್ಷ ನಿಷೇಧ. ಇವತ್ತು ಆ ಚಿತ್ರ ನೋಡಿದರೆ ಮನಸ್ಸು ಕಲಕುವುದು ಅವರ ದೇಹ ನೋಡಿ ಅಲ್ಲ. ‘ಸರಿಯಾಗಿರುವ’ ಜನ ಅವರನ್ನು ನಡೆಸಿಕೊಳ್ಳುವ ರೀತಿಯೇ ಭಯಂಕರ.

ಆಮೇಲೆ 1960 ಬಂತು. ಆ ಒಂದೇ ವರ್ಷದಲ್ಲಿ ಹಿಚ್‌ಕಾಕ್ ಅವರ ‘ಸೈಕೋ’, ಮೈಕೆಲ್ ಪವೆಲ್ ಅವರ ‘ಪೀಪಿಂಗ್ ಟಾಮ್’ ಎರಡೂ ತೆರೆ ಕಂಡವು. ಎರಡರಲ್ಲೂ ದೆವ್ವ ಇಲ್ಲ, ಪಕ್ಕದ ಮನೆಯವನಂಥ ಒಬ್ಬ ಗಂಡಸು ಇದ್ದಾನೆ. ‘ಸೈಕೋ’ಗೆ ತಡವಾಗಿ ಬಂದವರನ್ನು ಥಿಯೇಟರಿನ ಒಳಗೆ ಬಿಡುತ್ತಿರಲಿಲ್ಲ. ಸ್ನಾನದ ಮನೆಯ ಆ ದೃಶ್ಯದಲ್ಲಿ ಹರಿದದ್ದು ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನಲ್ಲಿ ಅದೇ ರಕ್ತವಾಯಿತು. ಹಿಚ್‌ಕಾಕ್ ಗೆದ್ದರು. ಪವೆಲ್ ಅವರನ್ನು ವಿಮರ್ಶಕರು ಹರಿದು ಹಾಕಿದರು, ಬ್ರಿಟನ್ನಿನಲ್ಲಿ ಅವರ ವೃತ್ತಿಜೀವನ ಮತ್ತೆ ಮೊದಲಿನಂತಾಗಲಿಲ್ಲ. ಅವರ ಕೊಲೆಗಾರ ಸಾಯುವವರ ಮುಖವನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾನೆ. ಅದನ್ನು ನೋಡುತ್ತ ಕೂತ ನಾವೂ ಅವನ ಪಾಲುದಾರರು ಅನ್ನುವುದನ್ನು ಆ ಕಾಲದವರು ಸಹಿಸಲಿಲ್ಲ.

ಆಗ ಬಾಂಬೆಯ ಹಿಂದಿ ಸಿನಿಮಾದಲ್ಲಿ ದೆವ್ವ ಅಂದರೆ ಮಂಜು, ಬಿಳಿ ಸೀರೆ, ದೂರದಿಂದ ಕೇಳುವ ಹಾಡು. 1949ರ ‘ಮಹಲ್’, 1962ರ ‘ಬೀಸ್ ಸಾಲ್ ಬಾದ್’ ಎರಡೂ ಹಾಗೇ. ಕೊನೆಯಲ್ಲಿ ಅದು ಮನುಷ್ಯರದೇ ಆಟ ಎಂದು ತಿಳಿಯುತ್ತಿತ್ತು, ಜನ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು. ನಿಜವಾದ ಭಯ ಥಿಯೇಟರಿನ ಹೊರಗಿತ್ತು. ಅರವತ್ತರ ದಶಕದಲ್ಲಿ ರಾಮನ್ ರಾಘವ್ ಎಂಬ ಕೊಲೆಗಾರ ಫುಟ್‌ಪಾತಿನಲ್ಲಿ, ಗುಡಿಸಲಲ್ಲಿ ಮಲಗಿದವರ ಮೇಲೆ ಎರಗುತ್ತಿದ್ದ. 1968ರಲ್ಲಿ ಅವನು ಸಿಕ್ಕಿಬೀಳುವವರೆಗೂ ಊರಿಗೆ ನಿದ್ದೆ ಇರಲಿಲ್ಲ. ಹೋಟೆಲಿನ ಬಾಗಿಲ ಹೊರಗೇ ಹಾಸಿ ಮಲಗುತ್ತಿದ್ದ ನಮ್ಮ ಕಡೆಯ ಹುಡುಗರಿಗೆ ಆ ಹೆಸರು ಸಿನಿಮಾ ಕಥೆಯಾಗಿರಲಿಲ್ಲ.

1970ರಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಕೆ.ಎ. ಅಬ್ಬಾಸ್ ಅವರ ಕಿರುಚಿತ್ರದಲ್ಲಿ ಬಾಂಬೆಯ ಕೆಂಪು ದೀಪದ ಬೀದಿಯ ದೃಶ್ಯಗಳಿದ್ದವು. ಅದಕ್ಕೆ ಯು, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು ಎಂಬ ಸರ್ಟಿಫಿಕೇಟ್ ಸಿಗದ ಕಾರಣ ಅವರು ಕೋರ್ಟಿಗೆ ಹೋಗಿದ್ದರು. ಬೇರೆ ಯಾವ ಕಲೆಗಿಂತಲೂ ಸಿನಿಮಾ ಮನಸ್ಸನ್ನು ಆಳವಾಗಿ ಕಲಕುತ್ತದೆ, ಹಾಗಾಗಿ ಬಿಡುಗಡೆಗೆ ಮೊದಲೇ ಸೆನ್ಸಾರ್ ಮಾಡುವುದು ಸರಿ ಎಂದು ಕೋರ್ಟು ಹೇಳಿತು. ಕಾರಣ ಒಪ್ಪುವಂಥದ್ದೇ. ಆದರೆ ಕಲಕುತ್ತದೆ ಅಂದ ಮಾತ್ರಕ್ಕೆ ಕತ್ತರಿಸಬೇಕಾ? ಈ ಪ್ರಶ್ನೆಗೆ ನನಗೆ ಇನ್ನೂ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ.

ಅದೇ ವರ್ಷ ರಾಮ್ಸೇ ಕುಟುಂಬದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಬಂತು, ಸೋತಿತು. ಆದರೆ ಮುಖವಾಡ ಹಾಕಿದ ಕಳ್ಳ ಬರುವ ಒಂದು ದೃಶ್ಯಕ್ಕೆ ಜನ ಬೆಚ್ಚಿ ಬೀಳುವುದನ್ನು ಆ ಮನೆಯ ಗಂಡುಮಕ್ಕಳು ಗಮನಿಸಿದರು. ಹಾಗಾದರೆ ಇಡೀ ಸಿನಿಮಾ ಅದೇ ಯಾಕಿರಬಾರದು? 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಬಂತು. ಏಳು ಜನ ಅಣ್ಣತಮ್ಮಂದಿರೇ ಕ್ಯಾಮೆರಾ, ಸೌಂಡು, ಎಡಿಟಿಂಗ್, ನಿರ್ದೇಶನ ಎಲ್ಲ ಹಂಚಿಕೊಂಡರು. 1984ರ ‘ಪುರಾನಾ ಮಂದಿರ್’ ಅವರ ದೊಡ್ಡ ಹಿಟ್. ತುಳುನಾಡಿನಿಂದ ಬಂದ ಹೋಟೆಲ್ ಕೆಲಸಗಾರರು ಷಟರ್ ಎಳೆದ ಮೇಲೆ ಲಾಸ್ಟ್ ಶೋಗೆ ಹೋಗುತ್ತಿದ್ದ ಕಾಲ ಅದು. ಊರಲ್ಲಿ ಕೋಲ ನೋಡಿ ಬೆಳೆದವರು, ದೈವಕ್ಕೆ ಕೈ ಮುಗಿದು ರೂಢಿ ಇದ್ದವರು. ಅಂಥವರೂ ಆ ಚಿತ್ರದ ರಾಕ್ಷಸ ಸಾಮ್ರಿಯ ಮುಖ ಪರದೆ ತುಂಬ ಬಂದಾಗ ಕಿರುಚಿ, ಆಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರು. ರಾಮ್ಸೇ ಚಿತ್ರಗಳು ಹೆದರಿಸುತ್ತಿದ್ದವು. ಮನಸ್ಸನ್ನು ಕೆಡಿಸುತ್ತಿರಲಿಲ್ಲ.

ಮನಸ್ಸು ಕೆಡಿಸುವುದೇ ಬೇರೆ. ಅದಕ್ಕೆ ‘ಗೆಹರಾಯಿ’ ನೋಡಬೇಕು. 1980ರ ಈ ಹಿಂದಿ ಚಿತ್ರವನ್ನು ಮಾಡಿದವರು ಅರುಣಾ ರಾಜೇ ಮತ್ತು ವಿಕಾಸ್ ದೇಸಾಯಿ, ಇಬ್ಬರೂ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಕಥೆ ನಡೆಯುವುದು ಬೆಂಗಳೂರಿನಲ್ಲಿ. ಮನೆಯ ಯಜಮಾನನ ಹೆಸರು ಚೆನ್ನಬಸಪ್ಪ, ಪಾತ್ರ ಮಾಡಿದವರು ಶ್ರೀರಾಮ್ ಲಾಗೂ. ಮಗ ಅನಂತ್ ನಾಗ್. ಮುಂಬೈ ರಂಗಭೂಮಿಯಲ್ಲಿ ಪಳಗಿದ ಈ ನಟ ಹಿಂದಿನ ವರ್ಷವಷ್ಟೇ ಕನ್ನಡದ ‘ನಾ ನಿನ್ನ ಬಿಡಲಾರೆ’ಯಲ್ಲಿ ಹೆಣ್ಣಿನ ಆತ್ಮ ಮೈಮೇಲೆ ಬಂದ ನಾಯಕನಾಗಿ ಕನ್ನಡಿಗರ ನಿದ್ದೆ ಕೆಡಿಸಿದ್ದರು.

ಚೆನ್ನಬಸಪ್ಪ ಊರಿನ ಜಮೀನನ್ನು ಮಾರುತ್ತಾನೆ. ಅದನ್ನು ನೋಡಿಕೊಂಡಿದ್ದ ಬಸವ ಬೇಡ ಎಂದು ಗೋಗರೆಯುತ್ತಾನೆ. ಯಜಮಾನ ಕೇಳುವುದಿಲ್ಲ. ಸ್ವಲ್ಪ ದಿನಕ್ಕೆ ಶಾಲೆಗೆ ಹೋಗುವ ಮಗಳ ಬಾಯಿಂದ ಬೇರೆ ಯಾರದೋ ಗಡಸು ದನಿ ಬರುತ್ತದೆ. ಆ ದನಿ ಸುಳ್ಳು ಹೇಳುವುದಿಲ್ಲ ಅನ್ನುವುದೇ ಇಲ್ಲಿ ದಿಗಿಲು. ಬಸವನ ಹೆಂಡತಿಗೆ ಅಪ್ಪ ಹಿಂದೆ ಮಾಡಿದ ಅನ್ಯಾಯವನ್ನು ಅದು ಹೆಂಡತಿ-ಮಗನ ಎದುರೇ ಹೊರಗೆ ಎಳೆಯುತ್ತದೆ. ಡಾಕ್ಟರು ಬರುತ್ತಾರೆ, ಮಂತ್ರವಾದಿಗಳು ಬರುತ್ತಾರೆ. ದೆವ್ವ ಬಿಟ್ಟರೂ ಹೊರಬಿದ್ದ ಸತ್ಯ ವಾಪಸ್ ಒಳಗೆ ಹೋಗುವುದಿಲ್ಲ, ಅಲ್ವಾ? ಭಾರತದಲ್ಲಿ ಬಂದ ಹಾರರ್ ಚಿತ್ರಗಳಲ್ಲಿ ನನ್ನ ಪ್ರಕಾರ ಇಷ್ಟು ಕಾಡುವುದು ಇನ್ನೊಂದಿಲ್ಲ. ಇಲ್ಲಿ ರಕ್ತ ತೀರಾ ಕಡಿಮೆ. ಊಟದ ಮೇಜು, ಮಂಚ, ಅಪ್ಪನ ಮುಖ, ಇಷ್ಟೇ ಸಾಕಾಗಿದೆ.

ಇದೇ ಹೊತ್ತಿಗೆ ಸೆನ್ಸಾರ್ ಮನೆಯಲ್ಲೂ ಬದಲಾವಣೆ ಆಗುತ್ತಿತ್ತು. ತುರ್ತು ಪರಿಸ್ಥಿತಿಯಲ್ಲಿ ಹಿಂಸೆ ಕಂಡರೆ ಸಾಕು, ಕತ್ತರಿ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲಿ ಠಾಕೂರ್ ಗಬ್ಬರ್‌ನನ್ನು ಮುಳ್ಳಿನ ಬೂಟಿನಿಂದ ಕೊಲ್ಲುತ್ತಾನೆ. ಅದನ್ನು ತೆಗೆಸಿ, ಪೊಲೀಸರು ಬಂದು ಹಿಡಿಯುವಂತೆ ಮಾಡಿದರು. 1983ರಲ್ಲಿ ‘ಸೆನ್ಸಾರ್’ ಪದ ಮಂಡಳಿಯ ಹೆಸರಿನಿಂದ ಹೋಗಿ ‘ಪ್ರಮಾಣೀಕರಣ’ ಬಂತು, ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳಿಗೆ ಯುಎ ಎಂಬ ಹೊಸ ದರ್ಜೆಯೂ ಬಂತು.

ಅಷ್ಟರಲ್ಲಿ ವಿಡಿಯೋ ಕ್ಯಾಸೆಟ್ ಎಲ್ಲವನ್ನೂ ಬುಡಮೇಲು ಮಾಡಿತ್ತು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮುಂಚೆ ಮುಂಬೈಯಿಂದ ಉಡುಪಿ, ಮಂಗಳೂರಿಗೆ ಹೋಗುವವರಿಗೆ ಗೋವಾ ಹಾದು ಹೋಗುವ ರಾತ್ರಿ ಬಸ್ಸೇ ಗತಿ. ಬೋರ್ಡಿನ ಮೇಲೆ ದೊಡ್ಡದಾಗಿ ‘ವಿಡಿಯೋ ಕೋಚ್’ ಎಂದಿರುತ್ತಿತ್ತು. ಡ್ರೈವರ್ ಕ್ಯಾಬಿನ್ ಮೇಲೆ ಪೆಟ್ಟಿಗೆಯೊಳಗೆ ಟಿವಿ. ಬಸ್ಸು ಪನ್ವೇಲ್ ದಾಟಿದ ಮೇಲೆ ಕ್ಲೀನರ್ ಕ್ಯಾಸೆಟ್ ಹಾಕುತ್ತಿದ್ದ. ಎ ಸರ್ಟಿಫಿಕೇಟ್ ಚಿತ್ರ ಆದರೂ ಬಸ್ಸಿನಲ್ಲಿ ಯಾರ ವಯಸ್ಸನ್ನು ಯಾರು ಕೇಳುತ್ತಾರೆ? ಕಶೇಡಿ ಘಾಟಿಯ ತಿರುವುಗಳಲ್ಲಿ ಬಸ್ಸು ವಾಲುತ್ತಿರುವಾಗ ಪರದೆ ಮೇಲೆ ಹೆಣ ಎದ್ದು ಕೂರುತ್ತಿತ್ತು. ಅಮ್ಮಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಕಣ್ಣೇನೋ ಮುಚ್ಚಬಹುದು. ಸ್ಪೀಕರ್ ತಲೆಯ ಮೇಲೇ ಇತ್ತು, ಎದ್ದು ಹೊರಗೆ ಹೋಗುವಂತಿರಲಿಲ್ಲ. ಮಂಡಳಿಯವರು ಎಷ್ಟು ಕತ್ತರಿ ಹಾಕಿದ್ದರೂ ಆ ಮಗುವಿಗೆ ಪ್ರಯೋಜನವಾಗಲಿಲ್ಲ.

ಶಬ್ದದ ಶಕ್ತಿ ನಿರ್ದೇಶಕರಿಗೆ ಚೆನ್ನಾಗಿ ಗೊತ್ತು. 2002ರ ಫ್ರೆಂಚ್ ಚಿತ್ರ ‘ಇರ್‍ರಿವರ್ಸಿಬಲ್’ನ ಮೊದಲ ಭಾಗದಲ್ಲಿ ಗ್ಯಾಸ್ಪರ್ ನೋಯೆ ಸುಮಾರು 27-28 ಹರ್ಟ್ಜ್‌ನ ಗುಂಯ್‌ಗುಡುವ ಸದ್ದು ಸೇರಿಸಿದರು. ಅಷ್ಟು ತಗ್ಗಿನ ಸದ್ದು ಸರಿಯಾಗಿ ಕಿವಿಗೆ ಬೀಳುವುದಿಲ್ಲ, ಹೊಟ್ಟೆ ತೊಳಸಿದಂತಾಗುತ್ತದೆ.

ಕ್ಯಾಸೆಟ್ ಬ್ರಿಟನ್ನನ್ನೂ ಕಂಗೆಡಿಸಿತು. 1984ರಲ್ಲಿ ಅಲ್ಲಿ ವಿಡಿಯೋಗೆಂದೇ ಪ್ರತ್ಯೇಕ ಕಾನೂನು ತಂದರು. ಆ ಗಲಾಟೆಯಲ್ಲಿ ಹೆಚ್ಚು ಕೇಳಿಬಂದ ಹೆಸರುಗಳಲ್ಲಿ ಒಂದು ಇಟಲಿಯ ‘ಕ್ಯಾನಿಬಲ್ ಹೋಲೋಕಾಸ್ಟ್’, 1980ರ ಚಿತ್ರ. ಕಾಡಿನಲ್ಲಿ ಕಳೆದುಹೋದ ತಂಡದ ಕ್ಯಾಮೆರಾ ಸಿಕ್ಕಿತು, ಅದರಲ್ಲಿದ್ದ ದೃಶ್ಯ ಇದು ಎಂಬಂತೆ ರುಜ್ಜೇರೊ ದೇವೊದಾತೊ ಅದನ್ನು ಮಾಡಿದ್ದರು. ಮಿಲಾನ್‌ನಲ್ಲಿ ಚಿತ್ರ ಜಪ್ತಿಯಾಯಿತು. ನಟರನ್ನು ನಿಜವಾಗಿ ಕೊಂದಿದ್ದಾರೆ ಎಂಬ ಆರೋಪ ಬಂತು. ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬೇಡಿ ಎಂದು ನಟರಿಂದ ಬರೆಸಿಕೊಂಡಿದ್ದ ನಿರ್ದೇಶಕರೇ ಈಗ ಅವರನ್ನು ಹುಡುಕಿ ತಂದು, ಬದುಕಿದ್ದಾರೆ ಎಂದು ತೋರಿಸಬೇಕಾಯಿತು.

ನಟರು ಬದುಕಿದ್ದರು. ಆಮೆ ಬದುಕಲಿಲ್ಲ, ಹಂದಿ ಬದುಕಲಿಲ್ಲ, ಕೋತಿ ಬದುಕಲಿಲ್ಲ. ಕ್ಯಾಮೆರಾ ಎದುರು ಅವನ್ನು ನಿಜವಾಗಿಯೇ ಕೊಂದರು. ನನ್ನ ಗೆರೆ ಇಲ್ಲಿ. ಬಣ್ಣದ ನೀರು ಎಷ್ಟು ಬೇಕಾದರೂ ಹರಿಸಲಿ, ನೋಡುವುದು ಬಿಡುವುದು ನಮಗೆ ಬಿಟ್ಟದ್ದು. ಸೆಟ್ಟಿನಲ್ಲಿ ಒಂದು ಜೀವಕ್ಕೆ ನಿಜವಾದ ನೋವಾಗಿದ್ದರೆ ಅದನ್ನು ಕಲೆ ಎಂದು ಒಪ್ಪಲು ನನ್ನಿಂದಾಗದು. 1973ರ ‘ಎಕ್ಸಾರ್ಸಿಸ್ಟ್’ನಲ್ಲಿ ತಾಯಿ ನೆಲಕ್ಕೆ ಬಿದ್ದು ಚೀರುವ ದೃಶ್ಯವಿದೆ. ಹಗ್ಗ ಕಟ್ಟಿ ಎಳೆದ ರಭಸಕ್ಕೆ ಎಲೆನ್ ಬರ್ಸ್ಟಿನ್ ಅವರ ಬೆನ್ನಿಗೆ ಪೆಟ್ಟಾಗಿತ್ತು. ಆ ಚೀರಾಟ ನಿಜವಾದದ್ದು ಎಂದು ತಿಳಿದ ಮೇಲೆ ಆ ದೃಶ್ಯ ನನಗೆ ನೋಡಲಾಗುವುದಿಲ್ಲ. ನಮ್ಮಲ್ಲಿ 2001ರ ನಿಯಮದಿಂದ ಪ್ರಾಣಿಗಳನ್ನು ಬಳಸುವ ಚಿತ್ರಗಳಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ನಿರ್ಮಾಪಕರು ಇದನ್ನು ತಲೆನೋವು ಅನ್ನಬಹುದು. ಎಲ್ಲ ನಿಯಮಗಳಲ್ಲಿ ನಾನು ಪೂರ್ಣ ಮನಸ್ಸಿನಿಂದ ಒಪ್ಪುವುದು ಇದೊಂದನ್ನೇ.

ಹೊಸ ಶತಮಾನದಲ್ಲಿ ದೆವ್ವ ಹವೇಲಿ ಬಿಟ್ಟು ಫ್ಲಾಟಿಗೆ ಬಂತು. ರಾಮ್ ಗೋಪಾಲ್ ವರ್ಮಾ ಅವರ 2003ರ ‘ಭೂತ್’ನಲ್ಲಿ ಹಾಡಿಲ್ಲ, ಹಳೇ ಬಂಗಲೆ ಇಲ್ಲ. ಮುಂಬೈಯ ಎತ್ತರದ ಕಟ್ಟಡ, ಲಿಫ್ಟು, ವಾಚ್‌ಮನ್. ಎಷ್ಟೋ ಜನ ರಾತ್ರಿ ಒಬ್ಬರೇ ಲಿಫ್ಟು ಹತ್ತುವುದನ್ನು ಬಿಟ್ಟದ್ದು ಸುಮ್ನೆ ಅಲ್ಲ. ಅದೇ ಕಾಲದಲ್ಲಿ ಅನುರಾಗ್ ಕಶ್ಯಪ್ ಅವರ ‘ಪಾಂಚ್’ ಸೆನ್ಸಾರಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದಕ್ಕೆ ಪ್ರೇರಣೆ 1976-77ರಲ್ಲಿ ಪುಣೆಯನ್ನು ನಡುಗಿಸಿದ ಜೋಶಿ-ಅಭ್ಯಂಕರ್ ಕೊಲೆಗಳು. ಹತ್ತು ಜನರನ್ನು ಕೊಂದವರು ಚಿತ್ರಕಲೆ ಕಲಿಯುತ್ತಿದ್ದ ಹುಡುಗರು. ‘ಪಾಂಚ್’ ಆಗ ಥಿಯೇಟರಿಗೆ ಬರಲೇ ಇಲ್ಲ, ಕಳ್ಳ ಪ್ರತಿಗಳಲ್ಲಿ ಓಡಾಡಿತು.

ಇಂಟರ್ನೆಟ್ ಬಂದ ಮೇಲೆ ಕತ್ತರಿಗೆ ಮೊನೆಯೇ ಉಳಿಯಲಿಲ್ಲ. 2010ರ ‘ಎ ಸರ್ಬಿಯನ್ ಫಿಲ್ಮ್’ಗೆ ಬ್ರಿಟನ್ನಿನಲ್ಲಿ 49 ಕಡೆ ಕತ್ತರಿ ಬಿತ್ತು, ನಾಲ್ಕು ನಿಮಿಷ ಹೋಯಿತು. ಪೂರ್ತಿ ಪ್ರತಿ ಹುಡುಗರ ಫೋನಿನಲ್ಲಿದೆ. ಯಾರ ಮಿತಿ ಎಷ್ಟು ಎಂದು ಪಂದ್ಯ ಕಟ್ಟಿ ನೋಡುತ್ತಾರೆ, ಆಮೇಲೆ ವಾರಗಟ್ಟಲೆ ಒದ್ದಾಡುತ್ತಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ 2018ರ ‘ತುಂಬಾಡ್’ ನೋಡಿ ಅನ್ನುತ್ತೇನೆ. ಮರಾಠಿಯ ನಾರಾಯಣ ಧಾರಪ್ ಅವರ ಕಥೆಯ ಎಳೆ ಹಿಡಿದು ರಾಹಿ ಅನಿಲ್ ಬರ್ವೆ ಮಾಡಿದ ಚಿತ್ರ. ಅದರ ಅಜ್ಜಿ, ನಿಲ್ಲದ ಮಳೆ, ದುರಾಸೆ ಮೂರೂ ಕೊಂಕಣದ ಮಣ್ಣಿನವು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು.

ಅದೇ ವರ್ಷ ಹೊಸ ನಿಯಮಗಳೂ ಬಂದವು. ಯುಎ ದರ್ಜೆ 7, 13, 16 ಎಂದು ಮೂರು ವಯಸ್ಸಿಗೆ ಒಡೆಯಿತು. ಓಟಿಟಿಗಳಿಗೆ 2021ರಿಂದಲೇ ಇಂಥ ದರ್ಜೆ ಇದೆ, ಚಿತ್ರದಲ್ಲಿ ಏನಿದೆ ಎಂಬ ಸೂಚನೆಯನ್ನೂ ಅವು ಕೊಡಬೇಕು. ಮಕ್ಕಳಿರುವ ಮನೆಗೆ ಇದು ಒಳ್ಳೆಯ ಸುದ್ದಿ. ಆದರೆ ದೊಡ್ಡವರಿಗೆ ಥಿಯೇಟರಿನಲ್ಲಿ ಸಿಗುವುದು ಅದೇ ಒಂಟಿ ಎ ಅಕ್ಷರ. ಬೈಗುಳಕ್ಕೂ ಎ, ಅತ್ಯಾಚಾರದ ದೃಶ್ಯಕ್ಕೂ ಎ. ಮಗು ಕಳೆದುಕೊಂಡ ತಾಯಿಗೆ, ಮನೆಯಲ್ಲಿ ಆತ್ಮಹತ್ಯೆ ಕಂಡವರಿಗೆ ಆ ಅಕ್ಷರ ಏನೂ ಹೇಳುವುದಿಲ್ಲ. ಬ್ರಿಟನ್ನಿನ ಮಂಡಳಿ ಪ್ರತಿ ಚಿತ್ರಕ್ಕೂ ಯಾವ ಬಗೆಯ ಹಿಂಸೆ ಇದೆ, ಎಷ್ಟು ತೀವ್ರವಾಗಿದೆ ಎಂದು ಬರೆದು ಎಲ್ಲರಿಗೂ ಸಿಗುವಂತೆ ಇಡುತ್ತದೆ. ನಮ್ಮ ಮಂಡಳಿಗೂ ಇದು ಕಷ್ಟದ ಕೆಲಸವಲ್ಲ. ಸಮಿತಿಯವರು ಚಿತ್ರವನ್ನು ಪೂರ್ತಿ ನೋಡಿಯೇ ಸಹಿ ಹಾಕುತ್ತಾರೆ. ನೋಡಿದ್ದನ್ನು ಟಿಕೆಟ್ ಬುಕ್ ಮಾಡುವ ಜಾಗದಲ್ಲಿ ಎರಡು ಸಾಲು ಬರೆಸಿದರೆ ಸಾಕು. ಕನ್ನಡ ಚಿತ್ರಕ್ಕೆ ಕನ್ನಡದಲ್ಲಿ, ಮರಾಠಿ ಚಿತ್ರಕ್ಕೆ ಮರಾಠಿಯಲ್ಲಿ.