ಡಿಗ್ರಿಗೂ ಟ್ಯೂಷನ್ ಬಂದ ದಾರಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ಬೆಳಿಗ್ಗೆ ಏಳು ಗಂಟೆಗೇ ಡಿಗ್ರಿ ಮಕ್ಕಳು ಬಸ್ಸಿಳಿಯುತ್ತಾರೆ. ಕಾಲೇಜು ಶುರುವಾಗಲು ಇನ್ನೂ ಹೊತ್ತಿದೆ. ಅವರು ಹೊರಟದ್ದು ಟ್ಯೂಷನ್‌ಗೆ. ಕ್ಲಾಸಲ್ಲಿ ಸರಿಯಾಗಿ ಕೇಳಿದ್ರೆ ಇದೆಲ್ಲ ಬೇಕಾ ಅಂತ ಮನೆಯಲ್ಲಿ ಹಿರಿಯರು ಗದರುತ್ತಾರೆ. ನನಗೆ ಇದು ಬರೀ ಮಕ್ಕಳ ತಪ್ಪು ಅನ್ನಿಸುವುದಿಲ್ಲ.

ನಮ್ಮ ಕಾಲೇಜುಗಳು ರಾಜ್ಯ ಒಂದಾಗುವ ಮುಂಚೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಆಮೇಲೆ ಮೈಸೂರಿಗೆ. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಶುರುವಾಯಿತು. ಬಹುಕಾಲ ಡಿಗ್ರಿಗೆ ವರ್ಷಕ್ಕೊಂದೇ ಪರೀಕ್ಷೆ. ಕನ್ನಡ ಮಾಧ್ಯಮದಿಂದ ಬಂದವರಿಗೂ ಇಂಗ್ಲಿಷ್ ಪಾಠ ತಲೆಗೆ ಹತ್ತಲು ಸಮಯ ಸಿಗುತ್ತಿತ್ತು. 2006ರಲ್ಲಿ ಸೆಮಿಸ್ಟರ್ ಬಂತು. ಅರ್ಥ ಆಗುವಷ್ಟರಲ್ಲಿ ಪರೀಕ್ಷೆಯೇ ಎದುರಿಗೆ.

ಇಂಜಿನಿಯರಿಂಗ್‌ನ ಕತೆ ಬೇರೆ. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಎಂಬ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ಅದರ ಹೆಚ್ಚಿನ ಕಾಲೇಜುಗಳಿಗೆ ಅಲ್ಲಿಯ ಒಂದೇ ಸಿಲೆಬಸ್, ಒಂದೇ ಪ್ರಶ್ನೆಪತ್ರಿಕೆ. ಹಾಗಾಗಿ ಒಬ್ಬ ಮಾಸ್ಟ್ರು ನಾಲ್ಕು ಕಾಲೇಜಿನ ಮಕ್ಕಳಿಗೆ ಒಟ್ಟಿಗೆ ಗಣಿತ ಹೇಳಿಕೊಡಬಹುದಾಯಿತು. ನಾನು ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವನು. ಮೊದಲ ವರ್ಷದ ಗಣಿತದ ಪೇಪರ್‌ಗಳಾದ ಎಂ-1, ಎಂ-2 ಓದಿರಲಿಲ್ಲ. ಮೊದಲ ವಾರವೇ ಎಂ-3, ಅದರಲ್ಲಿ ಫೂರಿಯರ್ ಸರಣಿ. ಇಂಟಿಗ್ರೇಷನ್ನೇ ಗಟ್ಟಿ ಇಲ್ಲದವನಿಗೆ ಅದು ಹೇಗೆ ಬರಬೇಕು? ನಮ್ಮಂಥವರಿಗೆ ಅಂತಲೇ ಹೆಚ್ಚುವರಿ ಗಣಿತದ ಪೇಪರ್ ಇತ್ತು. ಪಾಸಾಗಲೇಬೇಕು. ಆದರೆ ನಮ್ಮ ಕಾಲೇಜಿನಲ್ಲಿ ಅದರ ಪಾಠ ನಡೆದದ್ದೇ ಕಡಿಮೆ. ಕೊನೆಗೆ ಉಡುಪಿಯಲ್ಲಿ ನಿವೃತ್ತ ಮಾಸ್ಟ್ರೊಬ್ಬರ ಮನೆಯ ಚಾವಡಿಗೆ ಹೋದೆ. ಅವರು ಪಿಯುಸಿ ಲೆಕ್ಕದಿಂದ ಶುರು ಮಾಡಿದರು. ಯಾರಾದರೂ ಹಿಂದಕ್ಕೆ ಹೋಗಿ ಹೇಳಿಕೊಡಲಿ ಅಂತ ನಾನು ಎಷ್ಟು ಕಾದಿದ್ದೆ ಅನ್ನುವುದು ಆವತ್ತು ಗೊತ್ತಾಯಿತು.

ಬಿಕಾಂನವರ ಓಟ ಇನ್ನೊಂದು ಥರ. ಡಿಗ್ರಿ ಜೊತೆಗೇ ಸಿಎ. ಅದರ ಮೊದಲೆರಡು ಹಂತಗಳಾದ ಫೌಂಡೇಶನ್, ಇಂಟರ್ ಪರೀಕ್ಷೆ ಮೊದಲು ವರ್ಷಕ್ಕೆ ಎರಡು ಸಲ ಇತ್ತು, 2024ರಿಂದ ಮೂರು ಸಲ. ಆ ಪಾಠ ಕೋಚಿಂಗಿನಲ್ಲೇ ಆಗಬೇಕು.

ಸರಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. 2023ರ ಕೊನೆಗೆ, ನಮ್ಮನ್ನು ಕಾಯಂ ಮಾಡಿ ಎಂದು ಅವರು ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿದರು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ವಾರಗಳ ಪಾಠ ಮಕ್ಕಳಿಗೆ ತಪ್ಪಿತು. ಇದರ ಮಧ್ಯೆ 2021ರಲ್ಲಿ ನಾಲ್ಕು ವರ್ಷದ ಡಿಗ್ರಿಗೂ ಅವಕಾಶ ಕೊಟ್ಟ ಹೊಸ ಶಿಕ್ಷಣ ನೀತಿ, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಸೀನಿಯರ್‌ಗಳ ನೋಟ್ಸ್ ಕೂಡ ಕೆಲಸಕ್ಕೆ ಬಾರದಾಯಿತು.

ಟ್ಯೂಷನ್ ಫೀಸ್ ಕೊಡಲಾಗದ ಮಕ್ಕಳ ಗತಿ ಏನು? ನನ್ನನ್ನು ಜಾಸ್ತಿ ಕಾಡುವುದು ಇದೇ. ಅಧ್ಯಾಪಕರು ಕೆಲಸಕ್ಕೆ ಅಡ್ಡಿಯಾಗುವಂಥ ಖಾಸಗಿ ಟ್ಯೂಷನ್ ಮಾಡಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಹೇಳುತ್ತದೆ. ಸರಿ. ಆದರೆ ಕಾಲೇಜಿನೊಳಗೇ ಹಿಂದುಳಿದವರಿಗೆ ಸಂಜೆ ಒಂದು ತಾಸು ಪಾಠ ಇಡಬಹುದಲ್ವಾ? ನಮ್ಮ ಮಾಸ್ಟ್ರ ಚಾವಡಿಯಲ್ಲಿ ಆ ವರ್ಷ ಹದಿನಾಲ್ಕು ಜನ ಇದ್ದೆವು. ಅದರಲ್ಲಿ ಒಂಬತ್ತು ಮಂದಿ ನನ್ನ ಕ್ಲಾಸಿನವರೇ, ಎಲ್ಲರೂ ಡಿಪ್ಲೊಮಾದಿಂದ ಬಂದವರು.