“ಬಟನ್ ಹೋಗ್ಯಾದ” ಅಂದ್ರ ಏನು ಹೋಗ್ಯಾದ?

ಈ ಮಾತು ಎಷ್ಟು ಸಲ ಕೇಳೀನೋ ಲೆಕ್ಕ ಇಲ್ಲ. ಹೋದ ವಾರ ಕಲಬುರಗಿಯೊಳಗ ನಮ್ಮ ಕಾಕಾನ ಮನ್ಯಾಗ ಮತ್ತ ಅದೇ: “ರಿಮೋಟಿಂದು ಬಟನ್ ಹೋಗ್ಯಾದ.” ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್ ಮೂರಕ್ಕೂ ಕೂಡಿ ಒಂದು ಯೂನಿವರ್ಸಲ್ ರಿಮೋಟ್ ಇಟ್ಕೊಂಡಾರ, ವಾಲ್ಯೂಮ್ ಏರವಲ್ದು ಅಂತ ಅದನ್ನ ಕಸದ ಡಬ್ಬಿಗೆ ಹಾಕ್ಲಾಕ ಹೊಂಟಿದ್ರು. ಕೈಯಾಗ ತೊಗೊಂಡು ನೋಡಿದ್ರ ಬಟನ್ ಇದ್ದ ಜಾಗದಾಗೇ ಅದ. ಒತ್ತಿದ್ರ ಒಳಗ ಹೋಗ್ತದ, ಬಿಟ್ರ ಮ್ಯಾಲ ಬರ್ತದ. ಹಂಗಾದ್ರ ಹೋಗಿದ್ದೇನು?

ನಂಗ ಅನಸೋದು ಏನಂದ್ರ ಈ ಮಾತು ಅಂಗಿಯಿಂದ ರಿಮೋಟಿಗೆ ಬಂದು ಕುಂತದ. ಅಂಗಿ ಗುಂಡಿ ಹೋಗ್ಯಾದ ಅಂದ್ರ ದಾರ ಹರದು ಗುಂಡಿ ಎಲ್ಲೋ ಬಿದ್ದದ, ಕಾಜಾ ಅಷ್ಟೇ ಉಳದದ ಅಂತ, ಅಲ್ಲಿ ಆ ಮಾತು ನೂರಕ್ಕ ನೂರು ಖರೇ. ನಮ್ಮ ಕಡಿ ಗುಂಡಿ ಅಂದ ಕೂಡ್ಲೇ ನೆನಪಾಗೋದು ಅಂಗಿದೇ, ಬೆಂಗಳೂರ ಕಡಿಯವರು “ರಸ್ತೆ ಗುಂಡಿ” ಅಂತಾರಲ್ಲ ಅದು ನಮಗ ತಗ್ಗು. ತೆಲುಗಿನೊಳಗೂ ಅಂಗಿಗೆ ಹಚ್ಚೋದು ಗುಂಡೀನೇ, ಮರಾಠಿಯೊಳಗೂ ಗುಂಡೀನೇ, ಹಿಂದಿಯೊಳಗ ಘುಂಡಿ, ಬೀದರದಾಗ ನಾಕು ಭಾಷಾ ಮಾತಾಡೋ ದರ್ಜಿಗೆ ಈ ಒಂದು ಪದ ಬದಲಾಯಿಸೋ ಕೆಲಸಾನೇ ಬೀಳಂಗಿಲ್ಲ. ಎಲ್ಲಾ ಕಡಿ ಅರ್ಥ ಒಂದೇ, ಗುಂಡಗ ಉಬ್ಬಿಕೊಂಡಿರೋ ಸಣ್ಣ ವಸ್ತು.

ಇಂಗ್ಲಿಷಿನ ಬಟನ್ ಕತಿ ಇನ್ನೂ ಚಂದ ಅದ. ಅದು ಹಳೇ ಫ್ರೆಂಚಿನ ಬೊತೊನ್ ಅನ್ನೋ ಪದದಿಂದ ಬಂದದ್ದು, ಬೊತೊನ್ ಅಂದ್ರ ಮೊಗ್ಗು, ಅಂಗಿ ಗುಂಡಿಗೂ ಅದೇ ಹೆಸರು. ಅದರ ಬೇರು “ನೂಕು, ತಳ್ಳು” ಅನ್ನೋ ಕ್ರಿಯಾಪದ, ಯಾಕಂದ್ರ ಮೊಗ್ಗು ಟೊಂಗಿಯೊಳಗಿಂದ ಹೊರಗ ನೂಕ್ಕೊಂಡು ಬರ್ತದ. ಮುಂದ ಕರೆಂಟಿನ ಗಂಟಿ ಬಂದಾಗ ಒತ್ತೋ ಮೊಗ್ಗಿಗೂ ಬಟನ್ ಅಂದ್ರು. ಹೊರಗ ನೂಕೋದಕ್ಕ ಹುಟ್ಟಿದ ಪದ ಒಳಗ ನೂಕೋದಕ್ಕ ಬಳಕಿಗಿ ಬಂತು, ಅಂಗಿದು ಬರೇ ವಸ್ತು ಆಗೇ ಉಳೀತು, ಇದು ಮಾತ್ರ ಕೆಲಸ ಮಾಡೋ ಕೀಲಿ ಆಯ್ತು. ಕೆಲಸ ಮಾಡೋದು ಕೆಟ್ಟ್ರ “ಹೋಗ್ಯಾದ” ಅನ್ನೋ ಒಂದೇ ಮಾತು ಸಾಲಂಗಿಲ್ಲ, ಯಾವ ಭಾಗ ಕೆಟ್ಟದ ಅಂತ ಹೇಳಬೇಕು.

ರಿಮೋಟಿನೊಳಗ ಬಿಡಿ ಬಿಡಿ ಬಟನ್ ಇರಂಗಿಲ್ಲ, ಇದು ಭಾಳ ಮಂದಿಗೆ ಗೊತ್ತಿಲ್ಲ. ಸಾದಾ ರಿಮೋಟ್ ಬಿಚ್ಚಿದ್ರ ಇರೋದು ಒಂದೇ ಸಿಲಿಕೋನ್ ರಬ್ಬರ್ ಹಾಳಿ, ನಲವತ್ತು ಬಟನ್ನೂ ಅದರ ಮ್ಯಾಲಿನ ಉಬ್ಬೇ. ಪ್ರತಿ ಉಬ್ಬಿನ ಸುತ್ತ ತೆಳ್ಳಗಿನ ಇಳಿಜಾರು ಗೋಡಿ ಇರ್ತದ, ಬಟನ್ ಒತ್ತಿದಾಗ ಆ ಗೋಡಿ ಒಮ್ಮೆಲೇ ಮಡಚಿಕೊಂಡು ಬೆರಳಿಗೆ “ಟಕ್” ಅನ್ನೋ ಭಾವನಾ ಕೊಡ್ತದ, ಬೆರಳು ತಗದ್ರ ತಾನೇ ಎದ್ದು ನಿಂದರ್ತದ, ಸ್ಪ್ರಿಂಗ್ ಇಲ್ಲ ಏನಿಲ್ಲ. ಉಬ್ಬಿನ ತಳದಾಗ ಕರೀ ಬಿಲ್ಲಿ, ಅಂಗಡಿಯವರು ಕಾರ್ಬನ್ ಅಂತಾರ. ಅದರ ಕೆಳಗ ಬೋರ್ಡಿನ ಮ್ಯಾಲ ಎರಡು ಬಾಚಣಿಕಿ ಹಲ್ಲು ಒಂದರಾಗ ಒಂದು ಹೊಕ್ಕಂಗ ಗೆರಿ ಎಳದಿರ್ತಾರ, ಆದ್ರ ಒಂದಕ್ಕೊಂದು ತಾಕಿರಂಗಿಲ್ಲ. ಕಾರ್ಬನ್ ಬಂದು ಕುಂತಾಗ ಎರಡೂ ಕೂಡ್ತಾವ, ಒಳಗಿನ ಚಿಪ್ ಯಾವ ಅಡ್ಡ ಸಾಲು ಯಾವ ಉದ್ದ ಸಾಲಿಗೆ ಕೂಡ್ತು ಅಂತ ನೋಡಿ ಆ ಬಟನ್ನಿನ ಕೋಡ್ ಕಳಸ್ತದ. ಕಳಸೋದು ಕಣ್ಣಿಗೆ ಕಾಣಲಾರದ ಇನ್‌ಫ್ರಾರೆಡ್ ಬೆಳಕಿಲೇ, ಅದು ಸೆಕೆಂಡಿಗೆ ಹೆಚ್ಚುಕಮ್ಮಿ 38 ಸಾವಿರ ಸಲ ಮಿಣಕ್ತದ.

ಅಂದ್ರ ಬಟನ್ ಅನ್ನೋದು ನಾಕು ಚೀಜು: ಮ್ಯಾಲಿನ ಅಕ್ಷರ, ರಬ್ಬರ್ ಉಬ್ಬು, ಕಾರ್ಬನ್, ಬೋರ್ಡಿನ ಗೆರಿ. ಹೋಗಿದ್ದು ಯಾವುದು ಅಂತ ಕೇಳಿದ್ರ ಹೆಚ್ಚಿನವರು ರಬ್ಬರ್ ಅಂತಾರ. ಆದ್ರ ರಬ್ಬರ್ ಉಬ್ಬನ್ನ ಲಕ್ಷಗಟ್ಟಲೆ ಒತ್ತಿನ ಲೆಕ್ಕ ಹಿಡದೇ ಮಾಡಿರ್ತಾರ. ದಿನಕ್ಕ 50 ಸಲ ವಾಲ್ಯೂಮ್ ಒತ್ತಿದ್ರೂ ವರ್ಷಕ್ಕ 18,250 ಸಲ ಆಯ್ತು, ಹತ್ತು ವರ್ಷಕ್ಕೂ ಎರಡು ಲಕ್ಷ ಮುಟ್ಟಂಗಿಲ್ಲ. ಕಾಕಾನ ರಿಮೋಟಿಗೆ ಮೂರು ವರ್ಷ ಸಹಿತ ಆಗಿಲ್ಲ, ರಬ್ಬರ್ ಹರಿಯೋ ವಯಸ್ಸೇ ಅಲ್ಲ ಅದು.

ಕೆಡೋದು ಮಧ್ಯದ ಸಂಪರ್ಕ. ಸಿಲಿಕೋನ್ ರಬ್ಬರಿನೊಳಗ ಉಳದಿರೋ ಎಣ್ಣಿ ವರ್ಷಾನುಗಟ್ಟಲೆ ಸಣ್ಣಗ ಹೊರಗ ಜಿನುಗ್ತದ, ಅದಕ್ಕ ನಮ್ಮ ಬೆರಳಿನ ಜಿಡ್ಡು ಕೂಡ್ತದ, ಸುಸಲಾ ಮಿರ್ಚಿ ತಿಂದ ಕೈಲೇ ಚಾನೆಲ್ ಬದಲಿಸೋ ಮನ್ಯಾಗ ಇನ್ನೂ ಲಗೂ, ಮ್ಯಾಲ ಬ್ಯಾಸಗಿ ಧೂಳು. ಆ ಪೊರಿ ಕಾರ್ಬನ್‌ಗೂ ಗೆರಿಗೂ ನಡುವ ಅಡ್ಡ ನಿಂತು ಕರೆಂಟಿನ ಹಾದಿ ಬಿಗೀತದ, ಅದಕ್ಕೇ ಮೊದಲು ಜೋರಾಗಿ ಒತ್ತಿದ್ರ ನಡೀತದ, ಆಮ್ಯಾಲ ಉಗುರು ಊರಿ ಒತ್ತಬೇಕಾಗ್ತದ, ಕಡೀಕ ಸುಮ್ನಾಗ್ತದ. ಈ ಸರಣಿ ಕಂಡ್ರ ಅದು ಕಾರ್ಬನ್ ಕೆಲಸ ಅಂತ ತಿಳೀರಿ. ಅಂಗಿ ಗುಂಡಿ ಹಿಂಗ ಸ್ವಲ್ಪ ಸ್ವಲ್ಪ ಹೋಗಂಗಿಲ್ಲ.

ಇದು ಯೂನಿವರ್ಸಲ್ ರಿಮೋಟಿಗೇ ಯಾಕ ಹೆಚ್ಚು ಅಂತ ಕೇಳ್ರಿ. ಮೂರು ರಿಮೋಟಿನ ಒತ್ತೆಲ್ಲ ಒಂದೇ ಪವರ್, ಒಂದೇ ವಾಲ್ಯೂಮ್ ಮ್ಯಾಲ ಬೀಳ್ತದ, ಇಷ್ಟೇ ಕಾರಣ. ಅದರ ಸಂಗಟ ಮೂರು ಮಶೀನಿನ ಕೆಲಸ ಒಂದರಾಗ ತುರುಕ್ಲಾಕ ಬಟನ್ ಸಣ್ಣವು ಮಾಡ್ತಾರ, ಎಲ್ಲಾ ಒಂದೇ ಆಕಾರ, ಒಂದೇ ಎತ್ತರ. ನನ್ನ ಪ್ರಕಾರ ಇದು ಕೆಟ್ಟ ಡಿಸೈನ್, ಅದೂ ಭಾಳ ಕೆಟ್ಟದ್ದು. ದಿನಾ ನೂರು ಸಲ ಒತ್ತೋ ವಾಲ್ಯೂಮ್‌ಗೂ ವರ್ಷಕ್ಕೊಮ್ಮೆ ಮುಟ್ಟೋ ಸೆಟಪ್ ಬಟನ್‌ಗೂ ಒಂದೇ ಅಳತಿ ಕೊಟ್ರ ವಯಸ್ಸಾದವರು ಕತ್ತಲದಾಗ ಬೆರಳಿಲೇ ಹೆಂಗ ಗುರುತು ಹಿಡೀಬೇಕು? ಛಲೋ ರಿಮೋಟಿನೊಳಗ ಅಂಕಿ 5ರ ಮ್ಯಾಲ ಒಂದು ಸಣ್ಣ ಚುಕ್ಕಿ ಉಬ್ಬಿಸಿರ್ತಾರ, ವಾಲ್ಯೂಮ್‌ಗೂ ಚಾನೆಲ್‌ಗೂ ಉದ್ದನ ಜೋಡಿ ಬಟನ್ ಕೊಡ್ತಾರ, ಇಷ್ಟು ಇದ್ರ ಸಾಕು ಕಣ್ಣು ಟಿವಿ ಮ್ಯಾಲೇ ಇಟ್ಟು ಒತ್ತಬಹುದು. ಕೊಳ್ಳೋ ಮುಂದ ಕಣ್ಣು ಮುಚ್ಚಿ ಕೈಯಾಡಿಸಿ ನೋಡ್ರಿ, ಡಬ್ಬಿ ಮ್ಯಾಲ ಎಷ್ಟು ಕಂಪನಿ ಹೆಸರು ಅಚ್ಚಾಗ್ಯಾವ ಅಂತ ಅಲ್ಲ.

ಅಕ್ಷರ ಅಳಿಸಿದ್ರೂ ಬಟನ್ ಹೋಗ್ಯಾದ ಅಂತಾರ, ಅದಂತೂ ಪೂರ್ತಿ ತಪ್ಪು. ರಬ್ಬರ್ ಮ್ಯಾಲ ಬರೇ ಮಸಿಲೇ ಅಚ್ಚು ಹಾಕಿದ್ದು ಬೆರಳು ತಿಕ್ಕಿ ತಿಕ್ಕಿ ಹೋಗ್ತದ, ಮ್ಯಾಲ ಲೇಪ ಕೊಟ್ಟಿದ್ದು ಹೆಚ್ಚು ದಿನ ತಾಳ್ತದ. ಅಕ್ಷರ ಇಲ್ಲದ ಬಟನ್ ಛಲೋ ಕೆಲಸ ಮಾಡ್ತಿರ್ತದ. ಇದಕ್ಕ “ಅಕ್ಷರ ಅಳಿಸ್ಯಾವ” ಅನ್ರಿ. ಚಹಾ ಚೆಲ್ಲಿ ಬಟನ್ ಒಳಗೇ ಅಂಟಿಕೊಂಡ್ರ “ಹಿಡ್ಕೊಂಡದ” ಅನ್ರಿ, ಇದು ಹೋಗಿದ್ದಕ್ಕ ಪೂರ್ತಿ ಉಲ್ಟಾ, ಯಾಕಂದ್ರ ಆ ಬಟನ್ ಬಿಡದೇ ಕೆಲಸ ಮಾಡ್ಲಾಕತ್ತದ, ಚಿಪ್ ಬ್ಯಾರೆ ಬಟನ್ ಕೇಳಂಗಿಲ್ಲ, ಸೆಲ್ಲೂ ಲಗೂ ತೀರ್ತಾವ. ಎಲ್ಲಾ ಬಟನ್ನೂ ಸುಮ್ನಿದ್ರ ಅದು ಬಟನ್ ವಿಷಯಾನೇ ಅಲ್ಲ, ಮೊದಲು ಸೆಲ್ ಬದಲಿಸ್ರಿ, ಆಮ್ಯಾಲ ಫೋನಿನ ಕ್ಯಾಮೆರಾ ಮುಂದ ರಿಮೋಟಿನ ಮೂತಿ ಹಿಡದು ಒತ್ತಿ ನೋಡ್ರಿ, ಬೆಳಕು ಮಿಣಕಿದ್ರ ರಿಮೋಟ್ ಜೀವಂತ ಅದ. ಕೆಲವು ಫೋನಿನ ಹಿಂದಿನ ಕ್ಯಾಮೆರಾಕ್ಕ ಆ ಬೆಳಕು ಕಾಣಂಗಿಲ್ಲ, ಮುಂದಿಂದು ನೋಡ್ರಿ.

ಬಟನ್ನೇ ಹೋಗ್ಯಾದ ಅನ್ನೋ ಮಾತು ಒಪ್ಪೋ ರಿಮೋಟ್ ಒಂದಿತ್ತು. 1956ರಾಗ ಅಮೆರಿಕಾದ ಜೆನಿತ್ ಕಂಪನಿ ತಂದ ಸ್ಪೇಸ್ ಕಮಾಂಡ್, ರಾಬರ್ಟ್ ಆಡ್ಲರ್ ಅನ್ನೋ ಇಂಜಿನಿಯರ್ ಮಾಡಿದ್ದು. ಅದರಾಗ ಸೆಲ್ಲೇ ಇಲ್ಲ, ಬಟನ್ ಒತ್ತಿದ್ರ ಒಳಗಿನ ಸಣ್ಣ ಸುತ್ತಿಗಿ ಅಲ್ಯೂಮಿನಿಯಂ ಸಳಿಗೆ ಬಡೀತದ, ಮನುಷ್ಯಾನ ಕಿವಿಗೆ ಕೇಳಲಾರದ ಸಪ್ಪಳ ಟಿವಿಗೆ ಕೇಳಸ್ತದ. ಬೆರಳಿನ ಬಲಾನೇ ಅಲ್ಲಿ ಸಿಗ್ನಲ್.

ಕಾಕಾನ ರಿಮೋಟಿಗೆ ಹತ್ತಿದ್ದು ಹತ್ತಿ ಮತ್ತ ಐಸೊಪ್ರೊಪೈಲ್ ಆಲ್ಕೋಹಾಲ್, ಬೋರ್ಡ್ ಒರಸ್ಲಾಕ ಬಳಸೋ ಲಗೂ ಆರೋ ದ್ರವ. ಸೆಲ್ ತಗದು, ಬಿಚ್ಚಿ, ಕಾರ್ಬನ್ನೂ ಗೆರೀನೂ ಮೆಲ್ಲಗ ಒರಸಿ ಆರಬಿಟ್ಟೆ, ವಾಲ್ಯೂಮ್ ಮೊದಲಿನಂಗ ಏರ್ಲಾಕತ್ತು. ಉಗುರುಬಣ್ಣ ತಗಿಯೋ ನೀರು ಹಚ್ಚಬ್ಯಾಡ್ರಿ, ಪ್ಲಾಸ್ಟಿಕ್ ಕರಗ್ತದ. ಪೆಟ್ರೋಲ್ ಹಚ್ಚಿದ್ರ ಸಿಲಿಕೋನ್ ಊದ್ತದ. ಉಸುಕಿನ ಕಾಗದಲೇ ಕಾರ್ಬನ್ ತಿಕ್ಕೋರೂ ಅದಾರ, ಆಗ ಇರೋದೂ ಹೋಗ್ತದ. ಕಾರ್ಬನ್ ಖರೇನೇ ಸವದಿದ್ರ ಅಲ್ಯೂಮಿನಿಯಂ ಹಾಳಿ ಬಿಲ್ಲಿಯಷ್ಟೇ ಕತ್ತರಿಸಿ ಅಂಟಿಸಿದ್ರೂ ನಡೀತದ.

ಯೂನಿವರ್ಸಲ್ ರಿಮೋಟ್ ಬಿಚ್ಚೋ ಮೊದಲು ಟಿವಿ, ಬಾಕ್ಸ್ ಯಾವ ಕಂಪನಿವು ಅಂತ ರಿಮೋಟಿಗೆ ತಿಳಸ್ಲಾಕ ಹಾಕಿದ ಕೋಡ್ ನಂಬರ್ ಬರ್ಕೊಳ್ರಿ. ಸೆಲ್ ತಗದು ಇಟ್ರ ಕೆಲವು ರಿಮೋಟ್ ಆ ನಂಬರ್ ಮರೀತಾವ. ಕಾಕಾನ ರಿಮೋಟಿನ ನಂಬರ್ ಸಣ್ಣ ಚೀಟಿ ಮ್ಯಾಲ ಬರದು ಸೆಲ್ಲಿನ ಮುಚ್ಚಳದ ಒಳಗ ಅಂಟಿಸಿ ಬಂದೀನಿ.